ತೋಟದ ಗೋದಾಮಿನ ಸಾಮಾನಿನಿಂದ ಜ್ವಾಲಾ ಪರೀಕ್ಷೆ

ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಲವಣವನ್ನು ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿದು ಬರುವ ಬಣ್ಣದಿಂದ ಅದರಲ್ಲಿರುವ ಲೋಹವನ್ನು ಗುರುತಿಸುವ ಜ್ವಾಲಾ ಪರೀಕ್ಷೆಗೆ ಬೇಕಾದ ಲವಣಗಳಲ್ಲಿ ಹೆಚ್ಚಿನವನ್ನು ಕಾಫಿ ತೋಟದ ಗೋದಾಮಿನಿಂದಲೇ ಹೊಂದಿಸಿಕೊಳ್ಳುತ್ತೇನೆ. ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ ಮತ್ತು ಸುಣ್ಣ, ಗಿಡಕ್ಕೆ ಹಾಕುವ ಪೊಟ್ಯಾಷ್, ಅಡುಗೆಯ ಉಪ್ಪು ಇಷ್ಟಿದ್ದರೆ ತಾಮ್ರ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸೋಡಿಯಂ ನಾಲ್ಕೂ ಸಿಕ್ಕಂತೆ. ಸ್ಟ್ರಾನ್ಷಿಯಂ ಕ್ಲೋರೈಡನ್ನು ಮಾತ್ರ ಹೊರಗಿನಿಂದ ತರಿಸಬೇಕು.

ಕೆಲಸದ ಮುಕ್ಕಾಲು ಪಾಲು ತಂತಿಯನ್ನು ಶುಚಿ ಮಾಡುವುದರಲ್ಲೇ ಇದೆ. ಹಳೆಯ ಹೀಟರಿನ ಸುರುಳಿಯಿಂದ ಬಿಡಿಸಿದ ನೈಕ್ರೋಮ್ ತಂತಿಯ ತುದಿಯನ್ನು ಸಣ್ಣ ಕುಣಿಕೆಯಾಗಿ ಬಾಗಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಬರ್ನರಿನ ನೀಲಿ ಜ್ವಾಲೆಯಲ್ಲಿ ಕಾಯಿಸಿ, ಜ್ವಾಲೆ ಬಣ್ಣ ತಿರುಗದಂತಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಆಮ್ಲದ ಸೀಸೆ ನನ್ನ ಕೈಯಲ್ಲೇ ಇರುತ್ತದೆ, ಕಿಟಕಿಗಳು ತೆರೆದಿರುತ್ತವೆ. ಬೆರಳಿನ ಬೆವರು ತಗುಲಿದರೂ ಸಾಕು, ಸೋಡಿಯಂ ತನ್ನ 589 ನ್ಯಾನೋಮೀಟರ್ ತರಂಗಾಂತರದ ಹಳದಿಯಿಂದ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ.

ಪೊಟ್ಯಾಷ್ ಗೊಬ್ಬರದಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಅದರಲ್ಲಿ ಅಲ್ಪಸ್ವಲ್ಪ ಉಪ್ಪೂ ಬೆರೆತಿರುವುದರಿಂದ ಬರಿಗಣ್ಣಿಗೆ ಬರೀ ಹಳದಿ ಜ್ವಾಲೆ. ಕೋಬಾಲ್ಟ್ ನೀಲಿ ಗಾಜನ್ನು ಅಡ್ಡ ಹಿಡಿದರೆ ಹಳದಿ ಸೋಸಿಹೋಗಿ, ಪೊಟ್ಯಾಸಿಯಂನ ನಸುನೇರಳೆ ಅಂಚು ತೋರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪಾಠದಲ್ಲಿ ಮಕ್ಕಳಿಗೆ ತೋರಿಸಲೇಬೇಕಾದದ್ದು ಇದೇ.

ಸುಣ್ಣದ ಪುಡಿಯನ್ನು ಹಾಗೆಯೇ ಹಿಡಿದರೆ ಅದು ಸುಲಭವಾಗಿ ಆವಿಯಾಗದ ಕಾರಣ ಹೇಳಿಕೊಳ್ಳುವಂಥ ಬಣ್ಣ ಬಾರದು. ಒಂದು ಹನಿ ಆಮ್ಲ ಬಿದ್ದು ಕ್ಲೋರೈಡ್ ಆದ ಮೇಲೆ ಹಿಡಿದರೆ, ತಂತಿಯ ತುದಿ ಚುರುಗುಟ್ಟಿ, ಇಟ್ಟಿಗೆಗೆಂಪು ಕ್ಷಣಹೊತ್ತು ಚಿಮ್ಮಿ ಅಡಗುತ್ತದೆ. ಎಲೆಕ್ಟ್ರಾನುಗಳು ಮೇಲಿನ ಮಟ್ಟಕ್ಕೇರಿ ಇಳಿಯುವಾಗ ಬೆಳಕು ಹೊಮ್ಮುತ್ತದೆ ಎಂಬ ವಿವರಣೆ ಸರಿಯೇ ಆದರೂ, ಈ ಕೆಂಪು ಬರುವುದು ಬಹುಪಾಲು ಒಂಟಿ ಪರಮಾಣುವಿನಿಂದಲ್ಲ, ಜ್ವಾಲೆಯಲ್ಲೇ ರೂಪುಗೊಳ್ಳುವ ಕ್ಯಾಲ್ಸಿಯಂ ಮಾನೋಹೈಡ್ರಾಕ್ಸೈಡ್ (CaOH) ಅಣುವಿನಿಂದ. ಮೈಲುತುತ್ತದ ಹಸಿರೂ ಹಾಗೆಯೇ. ಅದಕ್ಕೆ ಆಮ್ಲ ತಾಗಿಸಿದರೆ ತಾಮ್ರದ ಕ್ಲೋರೈಡಿನ ನೀಲಿಯೂ ಕೂಡಿಕೊಳ್ಳುತ್ತದೆ.

ಸ್ಟ್ರಾನ್ಷಿಯಂನ ಕಡುಗೆಂಪನ್ನೂ ಇಟ್ಟಿಗೆಗೆಂಪನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ. ಜರ್ಮನ್ ವಿಜ್ಞಾನಿಗಳಾದ ಬುನ್ಸೆನ್ ಮತ್ತು ಕಿರ್ಖಾಫ್ ಕೂಡ ಬರಿಗಣ್ಣನ್ನು ನೆಚ್ಚದೆ ಬೆಳಕನ್ನು ಪಟ್ಟಕದಲ್ಲಿ ಒಡೆದು ನೋಡಿದ್ದರಿಂದಲೇ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳು ಪತ್ತೆಯಾದವು. ನಮ್ಮ ಪಟ್ಟಕವೆಂದರೆ ಸೀಳು ಕೊರೆದ ರಟ್ಟಿನ ಪೆಟ್ಟಿಗೆಯೊಳಗಿನ ಹಳೆಯ ಸಿಡಿ ಚೂರು. ಅದರಲ್ಲಿ ಕ್ಯಾಲ್ಸಿಯಂ ಕೆಂಪಿನ ಜೊತೆಗೆ ಹಸಿರು ಪಟ್ಟಿಯನ್ನು ತೋರಿದರೆ, ಸ್ಟ್ರಾನ್ಷಿಯಂ 461 ನ್ಯಾನೋಮೀಟರಿನ ಬಳಿ ನೀಲಿ ಗೆರೆಯೊಂದನ್ನು ತೋರುತ್ತದೆ.