ಯಾವ ಬಿಸಿಲು ಯಾವುದಕ್ಕೆ?

ಬೆಳಿಗ್ಗೆ 7 ಗಂಟೆಗೆ ಜಗಲಿ ಮೇಲೆ ಕೂತು ‘ವಿಟಮಿನ್ ಡಿ ತಗೊಳ್ತಾ ಇದ್ದೀನಿ’ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಕೂರಲಿ, ಒಳ್ಳೆಯದೇ. ಬೆಳಗಿನ ಬೆಳಕು ಕಂಡವರಿಗೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ ಎಳೆ ಬಿಸಿಲಿನಲ್ಲಿ ವಿಟಮಿನ್ ಡಿ ಸಿಗುವುದು ತೀರಾ ಕಮ್ಮಿ. ಅದನ್ನು ಚರ್ಮದಲ್ಲಿ ಹುಟ್ಟಿಸುವುದು ಯುವಿ-ಬಿ ಅನ್ನುವ ಕಿರಣ. ಸೂರ್ಯ ತಗ್ಗಿನಲ್ಲಿದ್ದಾಗ ಆ ಕಿರಣ ನಮ್ಮ ತನಕ ಬರುವುದೇ ಅಪರೂಪ.

ನೆರಳು ನೋಡಿಕೊಳ್ಳಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಅದು ಡಿ ಕೊಡುವ ಬಿಸಿಲು. ನಮ್ಮ ಕಡೆ ಸುಮಾರು 11ರಿಂದ 2 ಗಂಟೆ ತನಕ. ಮಳೆಗಾಲದ ಮೋಡ ಬಿಟ್ಟರೆ ನಮಗೆ ವರ್ಷವಿಡೀ ಈ ಭಾಗ್ಯ ಇದೆ. ಇಂಗ್ಲೆಂಡಿನಲ್ಲಿ ಇರುವ ಮಕ್ಕಳಿಗೆ ಚಳಿಗಾಲದಲ್ಲಿ ಅದೂ ಇಲ್ಲ, ಅಲ್ಲಿ ಆ ತಿಂಗಳುಗಳಲ್ಲಿ ಮಾತ್ರೆಯೇ ಗತಿ.

ಆ ಉರಿಬಿಸಿಲಲ್ಲಿ ಸುಮ್ನೆ ಕೂರೋದು ಯಾರಿಗೆ ಬೇಕು? ಬಟ್ಟೆ ಒಣಹಾಕುವುದು, ಸಂಡಿಗೆ ಮಗುಚುವುದು, ಮೆಣಸಿನಕಾಯಿ ಹರಡುವುದು ಇವನ್ನೆಲ್ಲ ಆ ಹೊತ್ತಿಗೆ ಇಟ್ಟುಕೊಳ್ಳಿ. ತೋಳು, ಕಾಲಿಗೆ ಬಿಸಿಲು ಬೀಳಲಿ, ತಲೆಗೆ ಒಂದು ಬಟ್ಟೆ ಇರಲಿ. 15–20 ನಿಮಿಷ ಸಾಕು. ಬಣ್ಣ ಕಪ್ಪಿದ್ದವರಿಗೆ, ವಯಸ್ಸಾದವರಿಗೆ ಇನ್ನಷ್ಟು ಹೊತ್ತು ಬೇಕು. ಚರ್ಮ ಚುರುಗುಟ್ಟುವ ಮೊದಲೇ ಒಳಗೆ ಬನ್ನಿ. ಜಾಸ್ತಿ ನಿಂತರೆ ಜಾಸ್ತಿ ಡಿ ಬರುವುದಿಲ್ಲ, ಮೈ ಸುಡುತ್ತದೆ ಅಷ್ಟೇ. ಕಿಟಕಿ ಗಾಜಿನ ಹಿಂದೆ ಕೂತರೂ ಲಾಭವಿಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ.

ಅಣಬೆ ತಂದರೆ ಹೆಚ್ಚಿ, ಅಡುಗೆಗೆ ಮೊದಲು ಒಂದು ಗಂಟೆ ಮಧ್ಯಾಹ್ನದ ಬಿಸಿಲಿಗಿಡಿ. ನಮ್ಮ ಚರ್ಮದ ಹಾಗೇ ಅದೂ ಡಿ ತಯಾರಿಸುತ್ತದೆ. ತಿನ್ನುವವರಿಗೆ ಬಂಗುಡೆ, ಬೂತಾಯಿ, ಮೊಟ್ಟೆಯ ಹಳದಿ ಇದ್ದೇ ಇದೆ. ರಾಗಿಯಲ್ಲಿ ಡಿ ಇಲ್ಲ. ಅದರಲ್ಲಿ ಇರುವುದು ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಮೈಯಲ್ಲಿ ಡಿ ಕಮ್ಮಿ ಇದ್ದರೆ ಎಷ್ಟು ಮುದ್ದೆ ಉಂಡರೂ ಆ ಕ್ಯಾಲ್ಸಿಯಂ ಸರಿಯಾಗಿ ಹತ್ತುವುದಿಲ್ಲ.

ಹಸುಗೂಸನ್ನು ಮಾತ್ರ ಮಧ್ಯಾಹ್ನದ ಬಿಸಿಲಿಗೆ ಒಡ್ಡಬೇಡಿ. ತಾಯಿಹಾಲಿನಲ್ಲಿ ಡಿ ಕಮ್ಮಿ, ಅದಕ್ಕೇ ಡಾಕ್ಟರು ದಿನಕ್ಕೆ 400 ಯೂನಿಟ್ಟಿನ ಹನಿ ಬರೆಯುತ್ತಾರೆ, ಹಾಕಿ. ಮಗುವಿನ ಮೈ, ಕಣ್ಣು ಹಳದಿಯಾದರೆ ಬಿಸಿಲಿಗಿಟ್ಟು ಕಾಯಬೇಡಿ, ತೋರಿಸಿ.

ಇನ್ನು 60,000 ಯೂನಿಟ್ಟಿನ ಪುಡಿ, ಮಾತ್ರೆ. ಅದನ್ನು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ, ಇಷ್ಟೇ ವಾರ ಅಂತ ಕೊಡುತ್ತಾರೆ. ಪಕ್ಕದ ಮನೆಯವರು ತಗೊಂಡರು ಅಂತ ನೀವೂ ಶುರು ಮಾಡಬೇಡಿ. ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕೊನೆಗೆ ಕಿಡ್ನಿಗೇ ತೊಂದರೆ. ಮೂಳೆ ನೋವು, ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ವಿಟಮಿನ್ ಡಿ 20ಕ್ಕಿಂತ (ng/mL ಲೆಕ್ಕದಲ್ಲಿ) ಕೆಳಗೆ ಬಂದರೆ ಡಾಕ್ಟರೇ ಲೆಕ್ಕ ಹಾಕಿ ಬರೆದುಕೊಡುತ್ತಾರೆ. ಆ ಮಾತ್ರೆಯನ್ನು ಊಟ ಆದಮೇಲೆ ತಗೊಳ್ಳಿ, ತುಪ್ಪ-ಎಣ್ಣೆಯ ಜೊತೆಗೆ ಅದು ಚೆನ್ನಾಗಿ ಮೈಗೆ ಹತ್ತುತ್ತದೆ.