ಅರ್ಧ ಓಡಿದ ಜನರೇಟರ್‌ಗೆ ನಕಲು ತೆಗೆಯುವುದು ಹೇಗೆ?

ಪೈಥಾನ್‌ನಲ್ಲಿ 1, 4, 9, 16, 25 ಎಂದು ವರ್ಗಸಂಖ್ಯೆಗಳನ್ನು ಒಂದೊಂದಾಗಿ ಕೊಡುವ ಜನರೇಟರ್ ಬರೆದಿದ್ದೀರಿ ಎನ್ನಿ. ಮುಂದಿನ ಸಂಖ್ಯೆ ಕೇಳುವ ನೆಕ್ಸ್ಟ್ ಫಂಕ್ಷನ್ ಅನ್ನು ಎರಡು ಸಲ ಕರೆದಿರಿ. 1, 4 ಬಂದವು. ಮುಂದೇನಿದೆ ಎಂದು ಇಣುಕಬೇಕು, ಆದರೆ ಜನರೇಟರ್ ನಿಂತಲ್ಲೇ ನಿಂತಿರಬೇಕು. ಕಾಪಿ ಮಾಡ್ಯೂಲ್‌ಗೆ ಕೊಟ್ಟರೆ ಟೈಪ್ ಎರರ್ ಬರುತ್ತದೆ.

ಅದು ಹಟವಲ್ಲ. ನಿಂತ ಜನರೇಟರ್‌ನ ಹೊಟ್ಟೆಯಲ್ಲಿ ಲೋಕಲ್ ವೇರಿಯಬಲ್‌ಗಳು, ಅರ್ಧ ಸುತ್ತಿದ ಲೂಪ್, ಕೆಲವೊಮ್ಮೆ ತೆರೆದಿಟ್ಟ ಫೈಲ್ ಕೂಡ ಇರುತ್ತವೆ. ಫೈಲ್ ಒಂದೇ, ಓದುವವರು ಇಬ್ಬರು ಎಂದಾದರೆ ಯಾರು ಎಲ್ಲಿಯವರೆಗೆ ಓದಿದರು? ಇಟರೇಟರ್‌ಗಳನ್ನು (ಜನರೇಟರ್‌ನಂತೆ ಒಂದೊಂದಾಗಿ ಕೊಡುವಂಥವನ್ನು) ನಕಲಿಸಲು ಅವಕಾಶ ಕೋರಿ 2003ರಲ್ಲಿ ಪಿಇಪಿ 323 ಎಂಬ ಪೈಥಾನ್ ಸುಧಾರಣಾ ಪ್ರಸ್ತಾವ ಬಂತು. ಅದನ್ನು ಮುಂದೂಡಲಾಯಿತು.

ಹಾಗಾಗಿ ಮೊದಲು ಇಟರ್‌ಟೂಲ್ಸ್ ಮಾಡ್ಯೂಲ್‌ನ ಟೀ ಫಂಕ್ಷನ್ ಬಳಸಿ. ಇದು ಪೈಥಾನ್ 2.4ರಿಂದಲೂ ಇದೆ. ನಮ್ಮ ಜನರೇಟರ್ ‘ಗ’ವನ್ನು ಟೀಗೆ ಕೊಟ್ಟರೆ ‘ಅ’, ‘ಬ’ ಎಂಬ ಎರಡು ಇಟರೇಟರ್ ಸಿಗುತ್ತವೆ. ‘ಅ’ದಿಂದ 9, 16 ತೆಗೆದರೂ ‘ಬ’ದಲ್ಲಿ ಮುಂದಿನದು 9 ಆಗಿಯೇ ಇರುತ್ತದೆ.

ಎಲ್ಲರೂ ಎಡವುವುದು ಇದರ ನಂತರ. ಟೀ ಮಾಡಿದ ಮೇಲೆ ‘ಗ’ವನ್ನು ಮುಟ್ಟಬಾರದು. ‘ಅ’, ‘ಬ’ ಇನ್ನೂ ಓಡದಿರುವಾಗ ಮರೆತು ಒಮ್ಮೆ ಅದರ ಮೇಲೆ ನೆಕ್ಸ್ಟ್ ಕರೆದರೆ 9 ಅಲ್ಲೇ ಖರ್ಚಾಯಿತು. ‘ಅ’, ‘ಬ’ ಎರಡೂ 16ರಿಂದಲೇ ಶುರು. ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಇಂಥ ಬಗ್ ಹುಡುಕಲು ಸಂಜೆಯೆಲ್ಲ ಬೇಕು. ‘ಗ’ ಎಂಬ ಹೆಸರಿಗೇ ‘ಅ’ವನ್ನು ಅಸೈನ್ ಮಾಡಿಬಿಡುವುದು ನನ್ನ ರೂಢಿ.

ಮೆಮೊರಿಯನ್ನೂ ಗಮನಿಸಿ. ‘ಅ’ 10 ಲಕ್ಷ ಬೆಲೆಗಳಷ್ಟು (ವ್ಯಾಲ್ಯೂ) ಮುಂದೆ ಓಡಿ ‘ಬ’ ನಿಂತೇ ಇದ್ದರೆ, ಅಷ್ಟನ್ನೂ ಟೀ ಹಿಡಿದಿಟ್ಟುಕೊಂಡಿರುತ್ತದೆ. ಹಾಗಿದ್ದರೆ ಉಳಿದದ್ದನ್ನು ನೇರ ಲಿಸ್ಟ್‌ಗೆ ತುಂಬಿಕೊಳ್ಳುವುದೇ ವಾಸಿ. ಅಂತ್ಯವೇ ಇಲ್ಲದ ಜನರೇಟರ್‌ಗೆ ಮಾತ್ರ ಈ ದಾರಿ ಬೇಡ.

ನಿಜ ಹೇಳಬೇಕೆಂದರೆ ಟೀ ಸ್ಥಿತಿಯನ್ನು ನಕಲಿಸುವುದೇ ಇಲ್ಲ, ಹೊರಬಂದ ಬೆಲೆಗಳನ್ನು ಹಂಚುತ್ತದೆ ಅಷ್ಟೆ. ಸೆಂಡ್ ಮೆಥಡ್ ಮೂಲಕ ಒಳಗೆ ಏನಾದರೂ ಕಳಿಸುವ ಜನರೇಟರ್‌ಗೆ ಅದು ಪ್ರಯೋಜನಕ್ಕೆ ಬಾರದು.

ಸ್ಥಿತಿಯೇ ಬೇಕೆಂದರೆ ಜನರೇಟರ್ ಬಿಟ್ಟು ಕ್ಲಾಸ್ ಬರೆಯಿರಿ. ವರ್ಗಸಂಖ್ಯೆಗೆ ಬೇಕಾದ್ದು ‘ಎನ್’ ಎಂಬ ಒಂದೇ ಗುಣ (ಆಟ್ರಿಬ್ಯೂಟ್): ನೆಕ್ಸ್ಟ್ ಮೆಥಡ್ ಅದನ್ನು ಒಂದು ಹೆಚ್ಚಿಸಿ, ವರ್ಗ ಮಾಡಿ ಕೊಡಲಿ, ಇಟರ್ ಮೆಥಡ್ ತನ್ನನ್ನೇ ಹಿಂದಿರುಗಿಸಲಿ. 4 ಕೊಟ್ಟು ನಿಂತಾಗ ‘ಎನ್’ 2. ಈಗ ಕಾಪಿ ಮಾಡಿದರೆ ನಕಲಿನಲ್ಲೂ 2, ಆಮೇಲೆ ಎರಡರ ದಾರಿ ಬೇರೆ ಬೇರೆ. ಒಳಗೆ ಲಿಸ್ಟ್ ಇಟ್ಟುಕೊಂಡು ಬದಲಿಸುತ್ತಿದ್ದರೆ ಒಳಗಿನದ್ದನ್ನೂ ನಕಲಿಸುವ ಡೀಪ್‌ಕಾಪಿ ಬಳಸಿ. ಇಲ್ಲದಿದ್ದರೆ ಎರಡೂ ಒಂದೇ ಲಿಸ್ಟ್ ಮೇಲೆ ಕೈಯಾಡಿಸುತ್ತವೆ.