ಒಂದು ಮಿಕ್ಸಿ, ಇಪ್ಪತ್ತೆರಡು ಮನೆ

ನವೆಂಬರ್ ಕೊನೆಗೆ ಮಿಕ್ಸಿ ವಾಪಸ್ ಬಂತು. ದೊಡ್ಡ ಜಾರಿನ ಮುಚ್ಚಳ ನಮ್ಮದಲ್ಲ. ಚಟ್ನಿ ಜಾರಿನ ಹಿಡಿ ಒಡೆದು ಯಾರೋ ಟೇಪ್ ಸುತ್ತಿದ್ದರು. ವೈರ್ ತುಂಬ ಅರಿಶಿನದ ಕೈ ಗುರುತು. ಆದರೆ ಇಲ್ಲಿಗೆ ಓದಲು ಬಂದ ಹುಡುಗ ಹುಡುಗಿಯರ ಇಪ್ಪತ್ತೆರಡು ಮನೆ ಸುತ್ತಿ ಬಂದಿತ್ತು. ‘ಇದೆಲ್ಲ ಆಗೋ ಹೋಗೋ ಕೆಲಸ ಅಲ್ಲ’ ಅಂದಿದ್ದವರಿಗೆಲ್ಲ ಅದರ ಫೋಟೋ ಕಳಿಸಿದೆ. ಕಳಿಸಬಾರದಿತ್ತೇನೋ. ಕಳಿಸಿಬಿಟ್ಟೆ.

ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಷಾಂಪೇನ್-ಅರ್ಬಾನಾದಲ್ಲಿ. ಸುತ್ತ ಮೆಕ್ಕೆಜೋಳ, ಸೋಯಾ ಹೊಲ, ನಡುವೆ ಯೂನಿವರ್ಸಿಟಿ. ದಾವಣಗೆರೆಯವಳಿಗೆ ಮೆಕ್ಕೆಜೋಳ ಹೊಸದೇನಲ್ಲ, ಇಷ್ಟೊಂದನ್ನು ಒಟ್ಟಿಗೆ ನೋಡಿರಲಿಲ್ಲ ಅಷ್ಟೇ. ಊರಿಂದ ಓದಲು ಬರುವ ಹೊಸ ಹುಡುಗ ಹುಡುಗಿಯರಿಗೆ ಆಗಸ್ಟ್‌ನಲ್ಲಿ ಬೇರೆ ಕ್ಯಾಂಪಸ್ ಊರುಗಳ ನಮ್ಮವರು ಮಾಡುವುದನ್ನೆಲ್ಲ ನಾವೂ ಮಾಡುತ್ತೇವೆ. ಏರ್‌ಪೋರ್ಟ್ ಪಿಕಪ್, ಎರಡು ರಾತ್ರಿ ಮಲಗಲು ಜಾಗ, ಸಿಮ್ಮು, ಬ್ಯಾಂಕು, ಇಂಡಿಯನ್ ಸ್ಟೋರು. ಅದನ್ನು ಉದ್ದಕ್ಕೆ ಬರೆಯಲ್ಲ. ಅದರಲ್ಲಿ ನಾನು ಎಲ್ಲೆಲ್ಲಿ ಕೈ ಸುಟ್ಟುಕೊಂಡೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲ ವರ್ಷ ಷಿಕಾಗೋದ ಓ’ಹೇರ್‌ಗೆ ಹನ್ನೊಂದು ಟ್ರಿಪ್ ಹೊಡೆದೆವು. ಒಂದು ಕಡೆಗೆ ಎರಡೂವರೆ ಗಂಟೆ. ಪೆಟ್ರೋಲು, ಟೋಲು, ಪಾರ್ಕಿಂಗು, ದಾರಿಯಲ್ಲಿ ಮಕ್ಕಳಿಗೆ ತಿಂಡಿ ಎಲ್ಲ ಸೇರಿ ಆರುನೂರು ಡಾಲರ್ ಮೇಲೇ ಹೋಯಿತು. ಅಲ್ಲಿಂದ ಕ್ಯಾಂಪಸ್‌ಗೆ ನೇರ ಬಸ್ಸಿದೆ ಅಂತ ನೆನಪಾಗಿದ್ದು ಹನ್ನೊಂದನೇ ಟ್ರಿಪ್ಪಿನಲ್ಲಿ, ಆ ಬಸ್ಸೇ ನಮ್ಮ ಕಾರನ್ನು ಹಿಂದೆ ಹಾಕಿದಾಗ.

ಎರಡನೇ ತಪ್ಪು ಸೋಫಾ. ಇಲ್ಲಿ ಮನೆಗಳ ಬಾಡಿಗೆ ಕರಾರುಗಳು ಹೆಚ್ಚುಕಡಿಮೆ ಒಂದೇ ವಾರದಲ್ಲಿ ಮುಗಿಯುತ್ತವೆ. ಆ ವಾರ ಮನೆ ಬಿಡುವವರು ರಸ್ತೆ ಬದಿಯಲ್ಲಿ ಇಟ್ಟು ಹೋದದ್ದರಲ್ಲಿ ಏನುಂಟು ಏನಿಲ್ಲ! ಮಂಚ, ಮೇಜು, ಟಿವಿ. ನಾವೂ ಒಂದು ಒಳ್ಳೆ ಸೋಫಾ ಎತ್ತಿಕೊಂಡು ಬಂದು, ಜಾಗ ಸಿಗುವವರೆಗೆ ಇರಲಿ ಅಂತ ಮೂವರು ಹುಡುಗರನ್ನು ಅದರ ಮೇಲೆ ಸರದಿಯಲ್ಲಿ ಮಲಗಿಸಿದೆವು. ಐದನೇ ದಿನ ಒಬ್ಬನ ಕೈ ಮೇಲೆ ಸಾಲಾಗಿ ಕೆಂಪು ಗುಳ್ಳೆ. ತಿಗಣೆ. ನಮ್ಮಜ್ಜಿ ಕಾಲದಲ್ಲಿ ಮಂಚಕ್ಕೆ ಬಿಸಿನೀರು ಸುರಿಯುತ್ತಿದ್ದರು. ಇಲ್ಲಿ ಇಡೀ ಮನೆಗೇ ಬಿಸಿಗಾಳಿ ಬಿಡಿಸಬೇಕಾಯಿತು. ಒಂಬೈನೂರು ಚಿಲ್ಲರೆ ಡಾಲರ್. ಪುಕ್ಕಟೆ ಸೋಫಾ! ನಮ್ಮ ಯಜಮಾನರು ಇವತ್ತಿಗೂ ಇದನ್ನು ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ.

ಮೂರನೆಯದು ಇಪ್ಪತ್ತನಾಲ್ಕು ಪುಟದ ಪಿಡಿಎಫ್. ಹೊಸಬರು ಏನೇನು ಮಾಡಬೇಕು ಅಂತ ಎರಡು ವಾರ ರಾತ್ರಿ ಕೂತು ಬರೆದಿದ್ದೆ. ಸಂಬಳ, ಟ್ಯಾಕ್ಸಿಗೆ ಬೇಕಾಗುವ ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಕ್ಯಾಂಪಸ್ ಕೆಲಸ ಸಿಕ್ಕಿದ ಮೇಲೇ ಹೋಗಿ, ಬಂದಿಳಿದು ಹತ್ತು ದಿನವಾದರೂ ಆಗಿರಲಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೆ. ಮೂರನೇ ದಿನವೇ ನಾಲ್ಕು ಜನ ಆಫೀಸಿಗೆ ಹೋಗಿ ವಾಪಸ್ ಬಂದರು. ಪಿಡಿಎಫ್ ಓದಿದ್ದು ಒಬ್ಬಳೇ. ಅವಳಿಗೆ ನನ್ನ ಸಹಾಯವೇ ಬೇಕಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ತಲೆಗೆ ಹೋಯಿತು. ನಾವು ಇದ್ದಬದ್ದ ದುಡ್ಡು, ಸಮಯ, ಉತ್ಸಾಹವನ್ನೆಲ್ಲ ಆಗಸ್ಟ್‌ನಲ್ಲೇ ಸುರಿಯುತ್ತೇವೆ. ಆದರೆ ಆಗಸ್ಟ್‌ನಲ್ಲಿ ಯಾರೂ ಕುಸಿಯುವುದಿಲ್ಲ. ಎಲ್ಲ ಹೊಸದು, ಎಲ್ಲರೂ ಊಟಕ್ಕೆ ಕರೆಯುತ್ತಾರೆ, ಎಲ್ಲೆಲ್ಲೂ ಪುಕ್ಕಟೆ ಪಿಜ್ಜಾ. ಕಷ್ಟ ಶುರುವಾಗುವುದು ಸೆಪ್ಟೆಂಬರ್ ಅರ್ಧ ಕಳೆದ ಮೇಲೆ. ಮೊದಲ ಪರೀಕ್ಷೆಯ ಮಾರ್ಕ್ಸ್ ಬಂದಿರುತ್ತದೆ. ಊರಿನ ಹಬ್ಬ ವಿಡಿಯೋ ಕಾಲ್‌ನಲ್ಲಿ ನಡೆದು ಹೋಗುತ್ತದೆ. ಕತ್ತಲೆ ಬೇಗ ಆಗತೊಡಗುತ್ತದೆ. ಆಗ ಯಾರ ಫೋನೂ ಬರುವುದಿಲ್ಲ, ಅಲ್ವಾ? ನಾವೂ ಸುಸ್ತಾಗಿ ಮಲಗಿರುತ್ತೇವೆ.

ಮಿಕ್ಸಿ ಐಡಿಯಾ ನನ್ನದೇ ಅಂತ ಎಲ್ಲರ ಹತ್ತಿರ ಹೇಳುತ್ತೇನೆ. ನಿಜ ಹೇಳಬೇಕೆಂದರೆ ತಾನಾಗೇ ಆದದ್ದು. ಹುಬ್ಬಳ್ಳಿಯ ಒಂದು ಹುಡುಗಿ ಇಪ್ಪತ್ಮೂರು ಕೆಜಿ ಸೂಟ್‌ಕೇಸಿನಲ್ಲಿ ಐದು ಕೆಜಿ ಮಿಕ್ಸಿ ಹೊತ್ತು ತಂದಿದ್ದಳು. ನಮ್ಮೂರ 230 ವೋಲ್ಟಿನದು. ಇಲ್ಲಿ 120. ಸ್ವಿಚ್ ಹಾಕಿದರೆ ಗೊರ್ರ್ ಅಂತ ನರಳಿತು, ತೆಂಗಿನಕಾಯಿ ಚೂರು ಜಾರಿನಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಕೂತವು. ಅವಳು ಅತ್ತಳು. ಮಿಕ್ಸಿಗಾಗಿ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ 110 ವೋಲ್ಟಿನ ಮಿಕ್ಸಿ ಕೊಟ್ಟು ಕಳಿಸಿದೆ. ಮಾರನೇ ದಿನ ಇನ್ನೊಬ್ಬ ಕೇಳಿದ. ‘ನನ್ನ ಹತ್ರ ಇಲ್ಲಪ್ಪ, ಅವಳ ಹತ್ರ ಇದೆ, ಹೋಗಿ ತಗೋ’ ಅಂದೆ. ಅವನು ಹೋದವನು ಮೂರು ಗಂಟೆ ಅಲ್ಲೇ ಇದ್ದನಂತೆ. ಚಟ್ನಿ ರುಬ್ಬಲು ಮೂರು ಗಂಟೆ ಬೇಕೇ?

ಮುಂದಿನ ವರ್ಷ ಅದನ್ನೇ ಪದ್ಧತಿ ಮಾಡುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ನಗು. ‘ಐವತ್ತು ಡಾಲರ್‌ಗೆ ಬ್ಲೆಂಡರ್ ಮನೆ ಬಾಗಿಲಿಗೆ ಬರುತ್ತೆ, ನಿಮ್ಮ ಮಿಕ್ಸಿಗೆ ಯಾರು ಕಾಯ್ತಾರೆ?’ ಅಂತ ಒಬ್ಬರು. ಆ ಬ್ಲೆಂಡರ್‌ನಲ್ಲಿ ಉದ್ದಿನಬೇಳೆ ರುಬ್ಬಿ ತೋರಿಸಿ ಅಂದೆ. ಮಾತು ನಿಂತಿತು.

ಆದರೆ ಆ ವರ್ಷ ಅವರೇ ಗೆದ್ದರು. ಮಿಕ್ಸಿ ಮೂರನೇ ಮನೆಯಲ್ಲೇ ಕೂತುಬಿಟ್ಟಿತು. ಅಲ್ಲಿಂದ ಬಿಡಿಸಿದರೆ ಇನ್ನೊಬ್ಬ ಬಾಗಿಲ ಹೊರಗೆ ಇಟ್ಟು ಮೆಸೇಜ್ ಹಾಕಿ ಹೋದ, ಮಳೆಯಲ್ಲಿ ನೆನೆದು ಮೋಟಾರ್ ಹೋಯಿತು. ನೂರೈವತ್ತು ಡಾಲರ್ ನೀರಿಗೆ, ಅಕ್ಷರಶಃ.

ಈಗಿನ ನಿಯಮ ಇಷ್ಟು. ಒಂದು ಮನೆಯಲ್ಲಿ ಎರಡೇ ರಾತ್ರಿ. ಕೊಡುವವನು ತಗೊಳ್ಳುವವನ ಮನೆಗೆ ತಾನೇ ಹೊತ್ತುಕೊಂಡು ಹೋಗಬೇಕು, ಹೊರಗಿಟ್ಟು ಓಡುವಂತಿಲ್ಲ. ಅವನ ಕಣ್ಣೆದುರು ಒಮ್ಮೆ ಓಡಿಸಿ ತೋರಿಸಬೇಕು. ಈ ನಿಯಮ ಬಂದಿದ್ದು ಮಿಕ್ಸಿಯ ಕೆಂಪು ಗುಂಡಿಯಿಂದ. ಗಟ್ಟಿಯಾಗಿ ತುಂಬಿ ತಿರುಗಿಸಿದರೆ ಮಿಕ್ಸಿ ತಾನೇ ನಿಲ್ಲುತ್ತದೆ, ತಳದಲ್ಲಿರುವ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ‘ಅಕ್ಕ, ಮಿಕ್ಸಿ ಸತ್ತುಹೋಯ್ತು’ ಅಂತ ಮಧ್ಯರಾತ್ರಿ ಮೂರು ಸಲ ಫೋನ್ ಬಂದಿದೆ. ಮೂವರೂ ಇಂಜಿನಿಯರುಗಳು. ಕೊನೆಯ ನಿಯಮ, ಸುತ್ತು ಶುರುವಾಗುವುದು ಸೆಪ್ಟೆಂಬರ್ ಎರಡನೇ ವಾರ. ಅದಕ್ಕೆ ಮುಂಚೆ ಯಾರು ಕೇಳಿದರೂ ಇಲ್ಲ. ಯಾರ ನಂತರ ಯಾರ ಸರದಿ ಅನ್ನುವುದನ್ನು ನಾನೇ ಬರೆಯುತ್ತೇನೆ. ಹೇಗೆ ಜೋಡಿಸುತ್ತೇನೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ರನೇ ಇರಲಿ.

ಸುತ್ತು ನಮ್ಮವರಲ್ಲೇ ಉಳಿಯಲಿಲ್ಲ. ಒಬ್ಬ ನೈಜೀರಿಯಾದ ಹುಡುಗ ಜಾಲಫ್ ಅನ್ನಕ್ಕೆ ಟೊಮೆಟೊ, ಕೆಂಪು ದೊಣ್ಣೆಮೆಣಸಿನಕಾಯಿ ರುಬ್ಬಲು ತಗೊಂಡ. ನನ್ನನ್ನು ಆಂಟಿ ಅನ್ನುತ್ತಾನೆ, ಅವರಲ್ಲೂ ಹಾಗೇ ಅಂತೆ. ಇರಾನಿನ ಹುಡುಗಿಯೊಬ್ಬಳು ಅಕ್ರೋಟ್ ಪುಡಿ ಮಾಡಿ ದಾಳಿಂಬೆ ರಸ ಹಾಕಿ ಗೊಜ್ಜಿನಂಥದ್ದೇನೋ ಮಾಡಿದಳು. ಅವಳ ನಂತರ ಪಟ್ಟಿಯಲ್ಲಿದ್ದದ್ದು ಗದಗದ ಹುಡುಗ. ಅವನು ಶೇಂಗಾ ಚಟ್ನಿಪುಡಿ ಮಾಡಿ ಅವಳಿಗೊಂದು ಡಬ್ಬಿ ಕೊಟ್ಟ. ಈಗ ಅವಳೇ ಇಂಡಿಯನ್ ಸ್ಟೋರಿಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ ಕೇಳುತ್ತಾಳೆ.

ನನಗೂ ಗೊತ್ತಿಲ್ಲದೆ ಆದ ಒಂದು ಲಾಭವಿದೆ. ಮಿಕ್ಸಿ ನಿಂತರೆ ಅಲ್ಲೇನೋ ಆಗಿದೆ ಅಂತ ಅರ್ಥ. ಒಂದು ಅಕ್ಟೋಬರ್‌ನಲ್ಲಿ ಹಾಸನದ ಕಡೆಯ ಹುಡುಗನ ಮನೆಯಲ್ಲಿ ಒಂಬತ್ತು ದಿನ ನಿಂತಿತು. ಮುಂದಿನವಳು ಎರಡು ಮೆಸೇಜ್ ಹಾಕಿ ಸುಮ್ಮನಾಗಿದ್ದಳು. ‘ಹೇಗಿದೀಯಪ್ಪ’ ಅಂತ ಹೋಗಿದ್ದರೆ ‘ಚೆನ್ನಾಗಿದೀನಿ ಅಕ್ಕ’ ಅಂದು ಬಾಗಿಲು ಹಾಕುತ್ತಿದ್ದ. ‘ಮಿಕ್ಸಿ ಬೇಕಿತ್ತು’ ಅಂದದ್ದಕ್ಕೆ ಒಳಗೆ ಕರೆದ. ಟವೆಲಿನಲ್ಲಿ ಸುತ್ತಿ ಹೇಗೆ ಬಂದಿತ್ತೋ ಹಾಗೇ ಮೂಲೆಯಲ್ಲಿತ್ತು. ಗಂಟೂ ಬಿಚ್ಚಿರಲಿಲ್ಲ. ಒಲೆಯ ಮೇಲೆ ಏನೂ ಇಲ್ಲ, ಮೇಜಿನ ಮೇಲೆ ಬ್ರೆಡ್ಡು, ಮನೆಯ ಉಪ್ಪಿನಕಾಯಿಯ ತಳ. ತೆರೆದ ಲ್ಯಾಪ್‌ಟಾಪಿನಲ್ಲಿ ಕೋರ್ಸ್ ಡ್ರಾಪ್ ಮಾಡುವ ಪೇಜು.

ಎರಡು ಕೋರ್ಸ್ ಬಿಡುವವನಿದ್ದ. ಬಿಟ್ಟರೆ ಫುಲ್ ಟೈಮ್ ವಿದ್ಯಾರ್ಥಿಗೆ ಬೇಕಾದಷ್ಟು ಕೋರ್ಸ್ ಉಳಿಯುತ್ತಿರಲಿಲ್ಲ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಅದು ಸಣ್ಣ ವಿಷಯವಲ್ಲ. ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಮೊದಲೇ ಪಡೆಯದೆ ಬಿಟ್ಟರೆ ಸ್ಟೇಟಸ್ಸೇ, ಅಂದರೆ ವಿದ್ಯಾರ್ಥಿಯಾಗಿ ಇಲ್ಲಿರುವ ಅರ್ಹತೆಯೇ ಹೋಗುತ್ತದೆ. ಪಾಪ, ಅವನಿಗೆ ಗೊತ್ತಿರಲಿಲ್ಲ. ಪಿಡಿಎಫ್‌ನ ಹದಿನೇಳನೇ ಪುಟದಲ್ಲಿತ್ತು! ಮಾರನೇ ದಿನ ಇಬ್ಬರೂ ಸಲಹೆಗಾರರ ಹತ್ತಿರ ಹೋದೆವು. ಇಲ್ಲಿನ ಪಾಠದ ರೀತಿ ಮೊದಮೊದಲು ಹೊಂದಲಿಲ್ಲ ಅನ್ನುವುದೂ ಅವರು ಒಪ್ಪುವ ಕಾರಣಗಳಲ್ಲಿ ಒಂದು. ಒಂದೇ ಕೋರ್ಸ್ ಬಿಟ್ಟ, ಒಪ್ಪಿಗೆ ಪಡೆದು ಬಿಟ್ಟ. ಕ್ಯಾಂಪಸ್ಸಿನ ಕೌನ್ಸೆಲಿಂಗಿಗೂ ನಾಲ್ಕೈದು ಸಲ ಹೋಗಿ ಬಂದ. ಮಿಕ್ಸಿ ಮಾತ್ರ ಅವನೇ ಹೊತ್ತುಕೊಂಡು ಹೋಗಿ ಆ ಹುಡುಗಿಗೆ ಕೊಡಬೇಕು ಅಂತ ಹಟ ಹಿಡಿದೆ. ಕೊಟ್ಟ.

ಜನವರಿ ನಂತರ ಎರಡನೇ ಸುತ್ತು. ಆಗ ಜಾರಿನೊಳಗೆ ಟ್ಯಾಕ್ಸ್ ಇಲಾಖೆಯ 8843 ಫಾರಂ ಇಟ್ಟು ಕಳಿಸುತ್ತೇನೆ. ಒಂದು ಡಾಲರ್ ಸಂಪಾದನೆ ಇಲ್ಲದಿದ್ದರೂ ಅದನ್ನು ಕಳಿಸಬೇಕು ಅಂದರೆ ಯಾರೂ ನಂಬುವುದಿಲ್ಲ. ಮೊದಲ ಸಲ ಜಾರು ಒದ್ದೆ ಇತ್ತು, ಫಾರಂ ಮುದ್ದೆಯಾಯಿತು. ಈಗ ಪ್ಲಾಸ್ಟಿಕ್ ಕವರಿನಲ್ಲಿ ಹಾಕುತ್ತೇನೆ. ಸಂಬಳ ಬರುವ ನಮ್ಮ ಹುಡುಗರಿಗೆ ಒಂದು ಚೀಟಿ ಬೇರೆ: ಟ್ಯಾಕ್ಸ್ ರಿಟರ್ನಿಗೆ 1040 ಅಲ್ಲ, ಹೊರದೇಶದವರ 1040-ಎನ್‌ಆರ್, ಮತ್ತು ಭಾರತದ ವಿದ್ಯಾರ್ಥಿಗೆ ಎರಡು ದೇಶಗಳ ಟ್ಯಾಕ್ಸ್ ಒಪ್ಪಂದದ 21ನೇ ವಿಧಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶದವರಿಗೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ, ಆ ಚೀಟಿ ಇರಾನಿನ ಹುಡುಗಿಗೆ ಹೋಗಿ ಒಮ್ಮೆ ಗಲಿಬಿಲಿ ಆಗಿತ್ತು.

ನಡುವೆ ಕೆಲವು ಪ್ರಯೋಗ. ಹಸಿ ಕರಿಬೇವು ಏರ್‌ಪೋರ್ಟಿನಲ್ಲಿ ಹೇಗೂ ಬಿಡುವುದಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ತರುವ ಹುಳ ಅದರ ಜೊತೆ ಬರುತ್ತದೆ ಅಂತ. ಇಲ್ಲೇ ಸಸಿ ತಂದು ಒಂದೊಂದು ಮನೆಗೆ ಕೊಟ್ಟೆ. ಆರರಲ್ಲಿ ಐದು ಚಳಿಗಾಲ ದಾಟಲಿಲ್ಲ. ದೋಸೆ ಹಿಟ್ಟು ಮಾತ್ರ ಗೆದ್ದಿತು: ಓವನ್ ಹಚ್ಚಬೇಡಿ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಇಡಿ, ಹೊರಗೆ ಹಿಮ ಬಿದ್ದರೂ ಹುದುಗುತ್ತದೆ. ಒಗ್ಗರಣೆಗೆ ಸ್ಮೋಕ್ ಅಲಾರಂ ಹೊಡೆದು ಫೈರ್ ಇಂಜಿನ್ ಬಂದದ್ದು ಈವರೆಗೆ ಎರಡು ಸಲ. ಅಲಾರಂಗೆ ಪ್ಲಾಸ್ಟಿಕ್ ಕಟ್ಟಬೇಡಿ, ದಂಡ ಬೀಳುತ್ತದೆ, ಪ್ರಾಣಕ್ಕೂ ಒಳ್ಳೆಯದಲ್ಲ. ಕಿಟಕಿ ತೆಗೆದು ಫ್ಯಾನ್ ಇಡಿ, ಮೆಣಸಿನಕಾಯಿ ಕೊನೆಗೆ ಹಾಕಿ, ತಕ್ಷಣ ಮುಚ್ಚಿ.

ಖರ್ಚು ಹೇಳಿಬಿಡುತ್ತೇನೆ. ಹೊಸ ಮಿಕ್ಸಿ ನೂರೈವತ್ತರ ಹತ್ತಿರ. ಜಾರಿನ ಬ್ಲೇಡನ್ನು ತಿರುಗಿಸುವ ಕಪ್ಲರ್ ವರ್ಷಕ್ಕೆರಡು ಸವೆಯುತ್ತದೆ, ಆರೇಳು ಡಾಲರ್ ಒಂದಕ್ಕೆ. ಒಂದು ಜಾರು ಮೂವತ್ತು. ಮೊದಲ ವರ್ಷದ ಟ್ರಿಪ್ಪುಗಳಿಗೂ ತಿಗಣೆಗೂ ಹಾಕಿದ್ದರಲ್ಲಿ ಇಂಥ ಏಳೆಂಟು ವರ್ಷ ನಡೆಸಬಹುದು. ನಕ್ಕಿದ್ದರಲ್ಲ, ಅವರು ಈಗ ಪಕ್ಕದ ರಾಜ್ಯದ ಇನ್ನೊಂದು ಕ್ಯಾಂಪಸ್ಸಿನಲ್ಲಿದ್ದಾರೆ. ಹೋದ ತಿಂಗಳು ಫೋನ್ ಮಾಡಿ ಯಾವ ಕಂಪನಿ ಮಿಕ್ಸಿ ಅಂತ ಕೇಳಿದರು.

ನಾಳೆ ಬೆಳಿಗ್ಗೆ ನಮ್ಮ ಯಜಮಾನರಿಗೆ ದೋಸೆ ಬೇಕಂತೆ. ಅಕ್ಕಿ ನೆನೆಹಾಕಿದ್ದೇನೆ, ಮಿಕ್ಸಿ ಈ ಸುತ್ತಿನ ಹನ್ನೊಂದನೇ ಮನೆಯಲ್ಲಿದೆ. ನಮ್ಮ ಸರದಿ ಮುಂದಿನ ಗುರುವಾರ.